ಹುಗ್ಗಿಯಲ್ಲಿ ಎದ್ದ ಹಿಮಾಲಯ

ಭೂಗೋಳ ಕಲಿಸುವ ಮಾಸ್ತರನಿಗೆ ಒಲೆಯ ಮೇಲಿನ ಒಂದು ಡಬರಿ ಹುಗ್ಗಿ ಕಾಯುವುದು ಏನು ದೊಡ್ಡ ಕೆಲಸ? ನಾನು ಹಾಗೇ ತಿಳಿದಿದ್ದೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ.

ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಆ ಚಳಿಗಾಲ ಶಿಕ್ಷಕರ ತರಬೇತಿಗೆ ಹೋಗಿ ಬಂದವನಿಗೆ ಒಂದು ಹುಚ್ಚು ಹಿಡಿದಿತ್ತು. ನಮ್ಮ ಕಾಲಡಿಯ ಭೂಮಿ ಸುಮ್ಮನೆ ಬಿದ್ದುಕೊಂಡಿಲ್ಲವಂತೆ! ಆಳದಲ್ಲಿ ಬಂಡೆ ಕಾದು ಹಗುರಾಗಿ ಮೇಲೇಳುತ್ತದೆ, ಮೇಲೆ ಬಂದು ತಣ್ಣಗಾಗಿ ಮತ್ತೆ ಕೆಳಗಿಳಿಯುತ್ತದೆ. ಕರಗಿ ನೀರಾದ ಬಂಡೆಯಲ್ಲ, ಗಟ್ಟಿ ಬಂಡೆಯೇ. ನಮ್ಮ ಉಗುರು ಬೆಳೆಯುವಷ್ಟು ನಿಧಾನವಾಗಿ ಹರಿಯುತ್ತದೆ. ಅದರ ಜೊತೆ ಮೇಲಿನ ಖಂಡಗಳೂ ಸರಿಯುತ್ತವೆ, ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ, ಬೆಟ್ಟಗಳು ಏಳುತ್ತವೆ. ಇದಕ್ಕೆ ಸಂವಹನ ಪ್ರವಾಹ ಎಂದು ಹೆಸರು. ಅದನ್ನು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ಇಷ್ಟು ದೊಡ್ಡ ಸಂಸಾರ ಇಷ್ಟು ಸದ್ದಿಲ್ಲದೆ ನಡೆಸುವವಳು ಇನ್ನೊಬ್ಬಳಿಲ್ಲ ಎನಿಸಿತು.

ಸದ್ದಿಲ್ಲದೆ ಇರುವುದು ಭೂಮಿಗೆ ಸಾಧ್ಯ, ನನಗಲ್ಲ. ಹಾಲಿನವನಿಗೆ ಹೇಳಿದೆ. ಕ್ಷೌರದವನಿಗೆ ಅರ್ಧ ಗಡ್ಡದಲ್ಲಿ ಹೇಳಿದೆ. ಸವದತ್ತಿ ಬಸ್ಸಿನ ಕಂಡಕ್ಟರಿಗೆ ಹೇಳಹೋಗಿ ನನ್ನ ಸ್ಟಾಪು ದಾಟಿಸಿಕೊಂಡೆ. ನನ್ನ ಹೆಂಡತಿ ಕಸ್ತೂರಿ ಮಾತ್ರ ಸೋಲಲಿಲ್ಲ.

"ಭೂಮಿ ಸರೀತೈತೋ ಇಲ್ಲೋ ನನಗ ಗೊತ್ತಿಲ್ಲ. ನೀವಂತೂ ಕುಂತಲ್ಲಿಂದ ಸರಿಯಂಗಿಲ್ಲ. ಏಳ್ರಿ, ಬೆಲ್ಲಾ ತರ್ರಿ!"

ಬೆಲ್ಲ ಬೇಕಾದದ್ದು ಎಳ್ಳ ಅಮಾವಾಸ್ಯೆಯ ಚರಗಕ್ಕೆ. ಅಂದು ನಮ್ಮ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆ ಹೊತ್ತು ನಿಂತ ಭೂಮಿತಾಯಿಗೆ ಪೂಜೆ ಮಾಡಿ, ಅಡುಗೆಯನ್ನು ಹೊಲದ ತುಂಬ ಚೆಲ್ಲಿ ಅವಳಿಗೆ ಉಣಿಸುತ್ತಾರೆ. ಅದೇ ಚರಗ. ಅವಳು ಉಂಡ ಮೇಲೆಯೇ ನಮಗೆ ಊಟ. ಅಲ್ಲಿಯತನಕ ಯಾರೂ ನಾಲಿಗೆಗೆ ಹಚ್ಚಿ ರುಚಿ ನೋಡುವ ಹಾಗೂ ಇಲ್ಲ. ಸಂಪಗಾಂವದ ಹತ್ತಿರದ ನಮ್ಮ ಹೊಲದಲ್ಲಿ ಗೋದಿ ಹುಗ್ಗಿಯನ್ನು ಅಲ್ಲೇ ಕಲ್ಲಿನ ಒಲೆ ಹೂಡಿ ಮಾಡುವುದು ಮನೆತನದ ಪದ್ಧತಿ. ಅದನ್ನು ಪ್ರತಿ ವರ್ಷ ಮಾಡುತ್ತಿದ್ದವರು ರಾಮದುರ್ಗದಲ್ಲಿದ್ದ ನನ್ನ ಅಣ್ಣನ ಹೆಂಡತಿ, ಗಂಗಾ ವೈನಿ. ಕಸ್ತೂರಿ ಮದುವೆಯಾಗಿ ಬಂದಾಗಿನಿಂದ ಬರೀ ಕಾಯಿ ತುರಿದು ಕೊಟ್ಟವಳು. ಆ ವರ್ಷ ವೈನಿಗೆ ಮೊಣಕಾಲು ನೋವು. "ಈ ಸಲ ನೀನ ಮಾಡು. ನಿನ್ನ ಕೈಗುಣ ಹೆಂಗೈತಿ ನೋಡೂಣು" ಅಂದುಬಿಟ್ಟರು. ಕಸ್ತೂರಿ ಎರಡು ದಿನ ಬೇರೆ ಮಾತೇ ಆಡಲಿಲ್ಲ.

ಹೊಲದಲ್ಲಿ ಗೋದಿ ಬೆಂದು ಮೆತ್ತಗಾಯಿತು. ಬೆಲ್ಲ ಬಿತ್ತು. ಅಷ್ಟರಲ್ಲಿ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆಗೆ ಅಣಿ ಮಾಡಲು ಕಸ್ತೂರಿ ಏಳಬೇಕಾಯಿತು. ಸೌಟು ನನ್ನ ಕೈಗೆ ಬಂತು.

"ಬೆಲ್ಲಾ ಹಾಕೇನಿ, ಇನ್ನ ಕೈ ಬಿಡೂ ಹಂಗಿಲ್ಲ. ನಾ ಬರೂತನಾ ತಿರುವ್ಕೋತ ಕುಂದರ್ರಿ. ತಳಾ ಹತ್ತಿತಂದ್ರ ಗಂಗಾ ಅಕ್ಕಾರ ಮುಂದ ನನ್ನ ಮಾನಾ ಹೋಗತೈತಿ!"

"ಏನ್ ಹುಚ್ಚಿ ಅದೀಯ! ಇದೇನು ದೊಡ್ಡ ವಿದ್ಯಾ?" ಎಂದೆ.

ತಿರುವಿದೆ. ಪ್ರಾಮಾಣಿಕವಾಗಿ ತಿರುವಿದೆ. ಆಮೇಲೆ ಬೆವರು ಒರೆಸಿಕೊಳ್ಳಲು ಒಂದು ಗಳಿಗೆ ಕೈ ನಿಲ್ಲಿಸಿದೆ. ಆಗ ಕಂಡಿತು! ನಡುವಿನಿಂದ ಹುಗ್ಗಿ ಉಕ್ಕುಕ್ಕಿ ಮೇಲೆ ಬರುತ್ತಿತ್ತು, ಅಂಚಿಗೆ ಸರಿದು ಕೆಳಗೆ ಮುಳುಗುತ್ತಿತ್ತು. ತರಬೇತಿಯಲ್ಲಿ ಚಿತ್ರದಲ್ಲಿ ನೋಡಿದ್ದು ಇಲ್ಲಿ ತುಪ್ಪದ ವಾಸನೆಯೊಂದಿಗೆ ನಡೆಯುತ್ತಿತ್ತು!

ಹಾಸಿದ ಜಮಖಾನೆಯ ಮೇಲೆ ಅಣ್ಣ ಹೊಸ ಬಿಳಿ ಧೋತರ ಉಟ್ಟು ಕೂತಿದ್ದ. ಪಕ್ಕದಲ್ಲಿ ವೈನಿ. ಸದರಿ ಇಬ್ಬರು ಗಣ್ಯರ ಘನ ಉಪಸ್ಥಿತಿಯಲ್ಲಿ ನಾನು ಪ್ರಯೋಗ ಆರಂಭಿಸಿದೆ.

"ಯಾಕೋ ಮಾಸ್ತರಾ, ಕೈ ನಿಂತೈತಲ್ಲ?" ಎಂದರು ವೈನಿ.

"ಭೂಮೀನ ಯಾರರೆ ಸೌಟ್ ಹಾಕಿ ತಿರುವ್ತಾರೇನ್ರಿ ವೈನಿ? ತಾನ ತಿರಗತೈತಿ, ನೋಡ್ರಿ!"

ಬುಟ್ಟಿಯಿಂದ ಎಳ್ಳು ಹಚ್ಚಿದ ಖಡಕ್ ಸಜ್ಜೆ ರೊಟ್ಟಿ ತೆಗೆದು ಎರಡು ತುಂಡು ಮಾಡಿದೆ. ದೊಡ್ಡದು ಏಷ್ಯಾ, ಸಣ್ಣದು ಭಾರತ. ಹುಗ್ಗಿಯ ಮೇಲೆ ಬಿಟ್ಟೆ. ಎರಡೂ ಅಂಚಿಗೆ ಹೋಗಿ ನಿಂತವು. ಇವು ಕೂಡಬೇಕಾದರೆ ಹುಗ್ಗಿ ನಡುವೆ ಇಳಿಯಬೇಕು, ಅಂಚಿನಲ್ಲಿ ಏರಬೇಕು. ಹಾಗಾದರೆ ಬೆಂಕಿ ಅಂಚಿಗೆ ಬೇಕು! ನಡುವಿನ ಕೊಳ್ಳಿ ಎಳೆದು ಎರಡೂ ಕಡೆ ಹತ್ತಿಕಟ್ಟಿಗೆ ತುರುಕಿದೆ. ಒಣ ಹತ್ತಿಕಟ್ಟಿಗೆ ಧಗ್ಗನೆ ಹತ್ತಿತು.

ಭಾರತ ಹೊರಟಿತು! ಮೆಲ್ಲಗೆ, ಅಲುಗುತ್ತ, ಏಷ್ಯಾದ ಕಡೆಗೆ. ಏಷ್ಯಾನೂ ಎದುರು ಬಂತು. ನಡುವೆ ಎರಡೂ ಢಿಕ್ಕಿ ಹೊಡೆದವು. ಒಂದರ ಅಂಚು ಇನ್ನೊಂದರ ಮೇಲೆ ಸೆಟೆದು ಎದ್ದು ನಿಂತಿತು.

"ಹಿಮಾಲಯ!" ಎಂದು ಕೂಗಿದೆ.

ಅಣ್ಣ ಚಪ್ಪಾಳೆ ತಟ್ಟಿದ. ವೈನಿ ಮೊಣಕಾಲು ನೋವು ಮರೆತು ಮುಂದೆ ಸರಿದರು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯಿಂದಲೂ ಇರಬಹುದು.

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಮಾಸ್ತರ ಹೇಗಾಗುತ್ತಿದ್ದೆ?

"ಹಂಗಾರ ನಮ್ಮ ಎಲ್ಲಮ್ಮನ ಗುಡ್ಡ ಹೆಂಗಾತೋ?" ಎಂದು ವೈನಿ ಕೇಳಿದರು.

"ಅದು ಹಿಂದಕ ನೀರಿನ ತಳದಾಗ ಪದರ ಪದರ ಕುಂತ ಉಸುಕ್ರಿ. ಗಟ್ಟಿಯಾಗಿ ಕಲ್ಲಾತು, ಒಳಗಿನ ಒತ್ತಡಕ್ಕ ಮ್ಯಾಲೆ ಎದ್ದಿತು. ಆಮ್ಯಾಲೆ ಹೊಳಿ ಅದನ್ನ ಕೊರೀತು. ತಡೀರಿ, ಎಬ್ಬಿಸಿ ತೋರಸ್ತೇನಿ!"

ಇನ್ನೊಂದು ಹೊರೆ ಹತ್ತಿಕಟ್ಟಿಗೆ ತುರುಕಿದೆ. ಹುಗ್ಗಿ ದಪ್ಪಗಾಗಿತ್ತು. ಮೇಲೆ ಕೆನೆಗಟ್ಟಿ ಹರಿವು ನಿಂತೇಹೋಗಿತ್ತು. ನಡುವೆ ಒಂದು ಗುಳ್ಳೆ ನಿಧಾನವಾಗಿ ಉಬ್ಬಿತು. "ಎದ್ದಿತು, ಗುಡ್ಡ ಎದ್ದಿತು!" ಎಂದೆ. ಅಣ್ಣ ನೋಡಲು ಬಗ್ಗಿದ.

ಫಡ್!

ಗುಡ್ಡ ಅಣ್ಣನ ಧೋತರದ ಮೇಲಿತ್ತು. ಅಣ್ಣ ಹೊಲದ ಬದುವಿನ ಮೇಲಿದ್ದ. ಅವನು ಅಷ್ಟು ವೇಗವಾಗಿ ಓಡಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಅವನ ಕೂಗಿನ ಹಿಂದೆಯೇ ವಾಸನೆ ಬಂತು. ತಳ ಹತ್ತಿದ ವಾಸನೆ.

ಕಸ್ತೂರಿ ಅರಿಷಿಣದ ಕೈಯಲ್ಲೇ ಓಡಿ ಬಂದಳು. ಡಬರಿ ನೋಡಿದಳು, ರೊಟ್ಟಿ ತುಂಡು ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. ಕಣ್ಣು ತುಂಬಿಕೊಂಡಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಡಬರಿ ಕೆಳಗಿಳಿಸಿ, ಮೇಲುಮೇಲಿನ ಹುಗ್ಗಿಯನ್ನು ನಾಜೂಕಾಗಿ ತೆಗೆದು ನೈವೇದ್ಯದ ಹಿತ್ತಾಳೆ ಬೋಗುಣಿ ತುಂಬಿಸಿಕೊಂಡಳು.

"ಮ್ಯಾಲಿಂದು ಕೆಟ್ಟಿರಾಕಿಲ್ಲ. ಉಳದದ್ದು ತಗ್ಯಾಕ ಇನ್ನೊಂದು ಪಾತ್ರಿ ತರತೇನಿ. ತಳಾ ಮಾತ್ರ ಕೆದರಬ್ಯಾಡ್ರಿ" ಎಂದು ಬೋಗುಣಿಯೊಂದಿಗೆ ಬನ್ನಿಗಿಡದ ಕಡೆ ನಡೆದಳು.

ನನಗೆ ಅಪಾರ ಪಶ್ಚಾತ್ತಾಪವಾಯಿತು. ಒಪ್ಪಿಸಿದ ಕೆಲಸ ತಿರುವುವುದು, ನಾನು ತಿರುವಿರಲಿಲ್ಲ. ಅವಳು ಹೇಳಿದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಈಗಲಾದರೂ ಕರ್ತವ್ಯ ಮಾಡೋಣವೆಂದು ಸೌಟನ್ನು ಎರಡೂ ಕೈಯಲ್ಲಿ ಹಿಡಿದು, ತಳ ಮುಟ್ಟಿಸಿ, ಜೋರಾಗಿ ತಿರುವಿದೆ!

ತಳದ ಕರಿ ಮೇಲೆ ಬಂತು. ಮೇಲಿನ ಒಳ್ಳೆ ಹುಗ್ಗಿ, ರೊಟ್ಟಿ ತುಂಡುಗಳ ಸಮೇತ, ಕೆಳಗೆ ಹೋಯಿತು. ಅಂದು ನಾನು ಮಾಡಿ ತೋರಿಸಿದ ಪರಿಪೂರ್ಣ ಸಂವಹನ ಅದೊಂದೇ.

ಚರಗ ಹೊರಟಿತು. ಧೋತರ ತೊಳೆದು ಒದ್ದೆಯಲ್ಲೇ ಇದ್ದ ಅಣ್ಣ ಚರಗದ ಕೂಗು ಹಾಕುತ್ತ, ಬೋಗುಣಿಯ ಹುಗ್ಗಿಯನ್ನು ಜೋಳದ ಸಾಲುಗಳಿಗೆ ಚೆಲ್ಲುತ್ತ ನಡೆದ. ನಾನು ಬಾಯಿ ಮುಚ್ಚಿಕೊಂಡು ಹಿಂದೆ ನಡೆದೆ. ಕಾಲಿಗೆ ಕರಿ ಎರೆಮಣ್ಣು ಮೆತ್ತುತ್ತಿತ್ತು. ಈ ಮಣ್ಣಾದ ಕಲ್ಲು ಕೂಡ ಒಂದು ಕಾಲಕ್ಕೆ ಆಳದಿಂದ ಕುದಿಯುತ್ತ ಮೇಲೆ ಬಂದು ಹರಡಿದ್ದೇ. ಎಷ್ಟು ಹದವಾಗಿ ಆರಿಸಿದ್ದಾಳೆ ಈ ಭೂಮಿತಾಯಿ, ಎಷ್ಟು ಬೆಳೆ ಕೊಟ್ಟಿದ್ದಾಳೆ! ಅವಳ ಅಡುಗೆ ನೋಡಿ ನನಗೆ ನಿಜಕ್ಕೂ ಕೈಮುಗಿಯಬೇಕೆನಿಸಿತು. ಮುಗಿದೆ.

ಬೋಗುಣಿಯಲ್ಲಿ ಉಳಿದ ಪ್ರಸಾದವನ್ನು ವೈನಿ ಬಾಯಿಗಿಟ್ಟುಕೊಂಡರು. ಕಸ್ತೂರಿ ಅವರ ಮುಖವನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ವೈನಿ ನಮ್ಮ ಎಲೆಗಳ ಕರಿ ಹುಗ್ಗಿಯನ್ನೂ ಒಂದು ಬೆರಳು ನೆಕ್ಕಿ ನೋಡಿದರು.

"ಭೂಮಿತಾಯಿ ಪಾಲಿಂದು ನನ್ನ ಹುಗ್ಗಿಕಿಂತ ಚಲೋ ಆಗೇತಿ ಕಸ್ತೂರಿ. ಇನ್ನ ಮ್ಯಾಲೆ ಚರಗದ ಹುಗ್ಗಿ ನಿಂದ. ಈ ಮಾಸ್ತರನ ಕೈಯಾಗ ಮಾತ್ರ ಸೌಟ್ ಕೊಡಬ್ಯಾಡವಾ!"

ಕಸ್ತೂರಿ ನಕ್ಕಳು. ನಾನೂ ನಗುತ್ತ ಎಲೆಯ ಮುಂದೆ ಕೂರಹೋದೆ. ಅವಳು ಡಬರಿ, ಬೂದಿ, ತೆಂಗಿನ ನಾರು ತಂದು ನನ್ನ ಮುಂದಿಟ್ಟಳು. ತಳದಲ್ಲಿ ಏಷ್ಯಾ, ಭಾರತ, ನಡುವೆ ಹಿಮಾಲಯ, ಎಲ್ಲ ಕರಕಲಿಗೆ ಅಂಟಿ ಕೂತಿದ್ದವು.

"ಇದು ಹೋಗೂದಲ್ಲ ಬಿಡ" ಎಂದೆ.

"ಭೂಮಿ ಕೆಲಸಕ್ಕ ಕೋಟಿಗಟ್ಲೆ ವರ್ಷ ಬೇಕಂತ ನೀವ ಹೇಳಿದ್ರೆಲ್ಲಾ? ನಮಗೇನ್ ಗಡಿಬಿಡಿ ಇಲ್ಲ. ತಿಕ್ರಿ!"

ಭಾರತವೂ ಏಷ್ಯಾವೂ ಆ ಸಂಜೆಗೇ ಬಿಟ್ಟುಕೊಂಡವು. ಹಿಮಾಲಯ ಮಾತ್ರ ಇನ್ನೂ ಅಲ್ಲೇ ಇದೆ. ಪ್ರತಿ ವರ್ಷ ಚರಗ ಮುಗಿದ ಮೇಲೆ ಡಬರಿ ನನ್ನ ಪಾಲಿಗೆ ಬರುತ್ತದೆ, ತಿಕ್ಕುತ್ತೇನೆ.