ಎಡಗಡೆಯ ಬಾಲ್ಕನಿ

ಪ್ರವಾಸದ ಹಡಗು ಮೆಕ್ಸಿಕೋದ ಕೊಜುಮೆಲ್ ಬಂದರಿನಲ್ಲಿ ಯಾವ ಮಗ್ಗುಲಾಗಿ ನಿಲ್ಲುತ್ತದೆ ಎಂಬ ಒಂದೇ ಪ್ರಶ್ನೆಗೆ ಡೆಲ್ಬರ್ಟ್ ಇಡೀ ಚಳಿಗಾಲವನ್ನು ಧಾರೆ ಎರೆದಿದ್ದ. ಓಹಾಯೋದಲ್ಲಿ ಸ್ಕೂಲ್ ಬಸ್ಸು ಓಡಿಸಿ, ತಡವಾಗಿ ಬಂದ ಮಕ್ಕಳ ಮೂಗಿನೆದುರೇ ಬಾಗಿಲು ಹಾಕಿ ಹೆಸರು ಮಾಡಿದ ಮನುಷ್ಯ. ವಾಹನ ಹೇಗೆ ನಿಲ್ಲುತ್ತದೆಂದು ಅಂಥವನಿಗೆ ಯಾರು ಹೇಳಬೇಕು? ಹಿಂದೆ ಹೋಗಿಬಂದವರ ಫೋಟೋಗಳನ್ನೆಲ್ಲ ಜಾಲಾಡಿ (ಕೆಲವನ್ನು ತಲೆಕೆಳಗು ಮಾಡಿಯೂ ನೋಡಿ) ಅಪ್ಪಣೆ ಕೊಡಿಸಿದ: "ಎಡಗಡೆ ಬಾಲ್ಕನಿಯ ರೂಮು! ಬಲಗಡೆಯವರಿಗೆ ಬಂದರುಕಟ್ಟೆಯ ಸಿಮೆಂಟೇ ಗತಿ."

ಅವರ ಮದುವೆಯ ನಲವತ್ತನೇ ವರ್ಷ ಅದು. ಹೆಂಡತಿ ನಾರ್ಮಾಳ ಮಂಡಿಗೆ ಆಪರೇಷನ್ ಆಗಿತ್ತು, ಊರು ಸುತ್ತುವ ಹಾಗಿರಲಿಲ್ಲ. "ನೀನು ಕುರ್ಚಿ ಬಿಟ್ಟು ಏಳಲೇಬೇಡ, ಸಮುದ್ರವೇ ನಿನ್ನ ಕಾಲಬುಡಕ್ಕೆ ಬರುತ್ತೆ" ಎಂದು ಡೆಲ್ಬರ್ಟ್ ಮಾತು ಕೊಟ್ಟಿದ್ದ. ಜೊತೆಗೆ ಬಂದ ಅವಳ ತಮ್ಮ ಅರ್ಲ್ ಮಾತ್ರ ಯಾವ ಸಂಶೋಧನೆಯೂ ಇಲ್ಲದೆ, ಸಿಕ್ಕಿದ ಬಲಗಡೆ ರೂಮನ್ನೇ ಹಿಡಿದಿದ್ದ.

ಬೆಳಿಗ್ಗೆ ಕ್ಯಾಪ್ಟನ್ ಹಡಗನ್ನು ಪೂರ್ತಿ ತಿರುಗಿಸಿ, ಹಿಮ್ಮುಖವಾಗಿ ತಂದು ನಿಲ್ಲಿಸಿಬಿಟ್ಟ. ನಾರ್ಮಾ ಪರದೆ ಸರಿಸಿದಳು. ಸಮುದ್ರವಿಲ್ಲ! ಕೆಳಗೆ ಸಿಮೆಂಟಿನ ಕಟ್ಟೆ, ಕಟ್ಟೆಯಾಚೆ ಇನ್ನೊಂದು ಹಡಗು, ಅದರ ಬಾಲ್ಕನಿಯಲ್ಲಿ ಬರೀ ಚಡ್ಡಿಯಲ್ಲಿ ಬಾಳೆಹಣ್ಣು ತಿನ್ನುತ್ತಿರುವ ಒಬ್ಬ ಡುಮ್ಮ. ಆತ ಸಭ್ಯವಾಗಿ ಕೈಬೀಸಿದ.

"ಇದೇನೋ ನಿನ್ನ ಸಮುದ್ರ?"

"ಆ ಕ್ಯಾಪ್ಟನ್‌ಗೆ ರಿವರ್ಸ್ ಬರಲ್ಲ ಕಣೇ!"

"ಬಂದಿದ್ದಕ್ಕೇ ಅಲ್ವೇನೋ ಹೀಗಾಗಿರೋದು?"

ಅಷ್ಟರಲ್ಲಿ ಅರ್ಲ್ ಬಾಗಿಲಲ್ಲಿ ಹಾಜರು. "ಭಾವಾ, ನಮ್ಮ ಕಡೆ ನೀರು ಏನು ನೀಲಿ ಅಂತೀರಿ! ಅಕ್ಕಾ, ನೀನು ಅಲ್ಲಿಗೇ ಬಂದ್ಬಿಡು."

"ಬೇಡಪ್ಪ. ನನ್ನ ಗಂಡ ಇಡೀ ಚಳಿಗಾಲ ಹುಡುಕಿ ಕೊಡಿಸಿದ ಬಾಲ್ಕನಿ ಇದು" ಎಂದಳು ನಾರ್ಮಾ. ಬೈದಿದ್ದರೆ ಡೆಲ್ಬರ್ಟ್ ತಡೆದುಕೊಳ್ಳುತ್ತಿದ್ದ, ಈ ಮಾತನ್ನು ತಡೆಯಲಾಗಲಿಲ್ಲ. ಏನಾದರೂ ತಂದು ಅವಳ ಮುಖ ಅರಳಿಸಲೇಬೇಕೆಂದು ಊರೊಳಕ್ಕೆ ನಡೆದ.

ಅಂಗಡಿಯೊಂದರಲ್ಲಿ ಕದದಷ್ಟು ದೊಡ್ಡ ಸಮುದ್ರದ ಚಿತ್ರ ಸಿಕ್ಕಿತು. ಹಡಗು ಹೊರಡಲು ಇನ್ನೂ ಒಂದು ಗಂಟೆ ಇದೆ ಎಂದಿತು ಜೇಬಿನ ಫೋನು. ಹಡಗಿನ ಗಡಿಯಾರವನ್ನೇ ನಂಬಿ ಎಂದು ಮೈಕಿನಲ್ಲಿ ಬೆಳಿಗ್ಗೆಯಿಂದ ಬಡಿದುಕೊಂಡಿದ್ದರು. ಆದರೆ ಫೋನು ದಡ ಮುಟ್ಟಿದ್ದೇ ತಡ, ಮೆಕ್ಸಿಕೋದ ಸಮಯಕ್ಕೆ ಪಕ್ಷಾಂತರ ಮಾಡಿ ಒಂದು ಗಂಟೆ ಹಿಂದೆ ಬಿದ್ದಿತ್ತು. ಹಡಗು ಭೋಂ ಎಂದಾಗಲೇ ಡೆಲ್ಬರ್ಟನಿಗೆ ಜ್ಞಾನೋದಯವಾದದ್ದು.

ಚಿತ್ರವನ್ನು ತಲೆಯ ಮೇಲೆ ಹೊತ್ತು ಕಟ್ಟೆಯ ಮೇಲೆ ಓಡಿದ. ತಡವಾದವರು ಹೀಗೆ ಓಡಿಬರುವುದನ್ನು ಬಾಲ್ಕನಿಗಳಲ್ಲಿ ನಿಂತು, ಗ್ಲಾಸು ಹಿಡಿದು, ಕೇಕೆ ಹಾಕಿ ನೋಡುವುದು ಹಡಗಿನವರ ಬಿಟ್ಟಿ ಮನರಂಜನೆ. ಎರಡೂ ಹಡಗುಗಳಿಂದ ಶಿಳ್ಳೆ, ಚಪ್ಪಾಳೆ. ಅದರ ನಡುವೆ ಒಂದು ಹೆಂಗಸಿನ ದನಿ ಎಲ್ಲಕ್ಕಿಂತ ಜೋರಾಗಿ ನಗುತ್ತಿತ್ತು: "ಓಡೋ ಮುದುಕಾ, ಓಡು!"

ದನಿ ಪರಿಚಿತವೆನಿಸಿ ಡೆಲ್ಬರ್ಟ್ ಚಿತ್ರ ಸರಿಸಿ ಮೇಲೆ ನೋಡಿದ.

"ಅಯ್ಯೋ ದೇವರೇ, ಇದು ನಮ್ಮ ಮುದುಕ! ಏ, ನಿಲ್ಲಿಸ್ರಪ್ಪಾ! ಏಣಿ ಎಳೀಬೇಡಿ!" ಎಂದು ನಾರ್ಮಾ, ರೂಮಿನ ಹುಡುಗ ಟವೆಲನ್ನೇ ಮಡಚಿ ಮಾಡಿಟ್ಟಿದ್ದ ಆನೆಯನ್ನು ಸೊಂಡಿಲು ಹಿಡಿದು ಬೀಸತೊಡಗಿದಳು. ಎದುರು ಹಡಗಿನ ಚಡ್ಡಿಯವನೂ ಗಂಟಲು ಹರಿದುಕೊಂಡ. ಏಣಿಯ ಮೇಲೆ ಕೈಯಿಟ್ಟಿದ್ದ ಖಲಾಸಿಗಳು ನಗು ತಡೆಯಲಾರದೆ ನಿಂತರು. ತಡವಾದವರಿಗೆ ಬಾಗಿಲು ತೆರೆಯದವನು, ತೆರೆದ ಬಾಗಿಲಿನೊಳಗೆ ಉರುಳಿಬಿದ್ದ. ಹೋದ ಜೀವ ಬಂದಂತಾಯಿತು.

ರೂಮಿನಲ್ಲಿ ನಾರ್ಮಾ ಅವನ ಬೆವರು ಒರೆಸಿ, ಚಿತ್ರವನ್ನು ನೋಡಿಯೇ ನೋಡಿದಳು. "ಸಮುದ್ರ ತೋರಿಸ್ತೀನಿ ಅಂದವನು ಹೊತ್ಕೊಂಡೇ ಬಂದ್ಯಲ್ಲೋ!" ಅವಳ ಕಣ್ಣು ಒದ್ದೆಯಾಗಿತ್ತು.

ಅರ್ಲ್ ಇಣುಕಿದ. "ಅಕ್ಕಾ, ನಾಳೆಯ ಬಂದರಿಗೆ ರೂಮು ಬದಲಾಯಿಸ್ಕೊಳ್ಳೋಣ್ವಾ?"

"ಬೇಡಪ್ಪಾ. ನಿನ್ನ ಕಡೆ ಕೂತಿದ್ರೆ ನಾನು ನೀಲಿ ನೀರು ನೋಡ್ತಿದ್ದೆ, ಇವನು ಮೆಕ್ಸಿಕೋದಲ್ಲೇ ಇರ್ತಿದ್ದ. ಈ ನಲವತ್ತು ವರ್ಷದಲ್ಲಿ ಇವನು ನನ್ನ ಕಡೆಗೆ ಓಡಿ ಬಂದಿದ್ದು ಇವತ್ತೇ."

ಡೆಲ್ಬರ್ಟ್ ಮೀಸೆ ತಿರುವಿದ. "ಅದಕ್ಕೇ ಕಣೇ ನಾನು ಎಡಗಡೆ ಅಂದಿದ್ದು!"

"ಹೌದೌದು" ಎಂದು ನಾರ್ಮಾ ಕುರ್ಚಿಯನ್ನು ಬಾಲ್ಕನಿಯ ಅಂಚಿಗೆ ಎಳೆದುಕೊಂಡಳು. "ನಾಳೇನೂ ಸ್ವಲ್ಪ ತಡವಾಗೇ ಬಾ. ಎದುರು ಹಡಗಿನ ಚಡ್ಡಿ ಮಹಾರಾಯನೂ ಅದೇ ಬಂದರಿಗೆ ಬರ್ತಾನಂತೆ, ನೀನು ಓಡೋದನ್ನ ಅವನ ಹೆಂಡತಿಗೂ ನೋಡ್ಬೇಕಂತೆ."