ಹಳಿ ಮ್ಯಾಲ ನಿಂತವರು

ಕೈಯಾಗ ಮೊಬೈಲ್ ಬಂದಾಗಿಂದ ನಮ್ಮ ಮಂದಿಗೆ ರೈಲ್ವೆ ಹಳಿ ಕಂಡ್ರ ಸಾಕು, ಅದರ ಮ್ಯಾಲ ನಿಂತು ಫೋಟೋ ತಗಸ್ಕೋಬೇಕು ಅನಸ್ತೈತಿ. ನಾ ಗೋಕಾಕ ಕಡೆ ಒಂದು ರೈಲ್ವೆ ಗೇಟಿನ್ಯಾಗ ಗೇಟ್‌ಮನ್. ಗಾಡಿ ಬರೂ ಮುಂದ ಗೇಟ್ ಹಾಕೂದು, ಹೋದ ಮ್ಯಾಲ ತಗ್ಯೂದು, ಇದು ಪಗಾರದ ಕೆಲಸ. ಹಳಿ ಮ್ಯಾಲ ನಿಂತವರನ್ನ ಬೈದು ಇಳಸೂದು ಪುಕ್ಕಟೆ ಕೆಲಸ. ಬ್ಯಾರೆ ಗೇಟಿನ್ಯಾಗ ಇದ್ದಾಗ ಹಿಂಗ ಸೆಲ್ಫಿ ತಗೊಳ್ಳಾಕ ನಿಂತ ಒಬ್ಬನ್ನ ಗಾಡಿ ಬಡದದ್ದು ಕಣ್ಣಾರೆ ಕಂಡೇನಿ. ಮೂರು ದಿನ ರೊಟ್ಟಿ ಮುಟ್ಟಲಿಲ್ಲ. ರಿಟೈರ್ ಆಗೂ ದಿನ ಹತ್ರ ಬಂದಾವು. ಈ ಗೇಟಿನ್ಯಾಗ ಅಂಥಾದ್ದು ಒಂದೂ ಆಗದಂಗ ಮನಿಗೆ ಹೋಗಬೇಕು, ಅದೊಂದ ನನ್ನ ಆಸೆ. ಈಗಂತೂ ಕರೆಂಟಿನ ಇಂಜಿನ್. ಡೀಸಲ್ ಗಾಡಿ ಎರಡು ಊರಿಗೆ ಕೇಳೂವಂಗ ಬರತಿತ್ತು, ಇದು ಬೆನ್ನ ಹಿಂದ ಬಂದ್ರೂ ಗೊತ್ತಾಗಂಗಿಲ್ಲ.

೧. ಸೋದರಮಾವನ ಅಳತಿ

ಮೂಡಲಗಿ ಕಡೆಯ ಒಂದು ಜೋಡಿ. ಮದವಿ ನಿಕ್ಕಿ ಆಗಿತ್ತು, ಅದಕ್ಕ ಮೊದಲ ಫೋಟೋ ತಗಸ್ಬೇಕಂತ ಗೋಕಾಕದ ಫೋಟೋಗ್ರಾಫರ್‌ನ ಕರಕೊಂಡು ಬಂದಿದ್ರು. ಹುಡುಗಿನ್ನ ಒಬ್ಬಾಕಿನ್ನ ಕಳಸಾಕ ಮನಸಿಲ್ಲದ ಮನಿಯವರು ಅಕಿ ಸೋದರಮಾವನ್ನ ಜೋಡಿ ಕಳಿಸಿದ್ರು. ಮಾವ ಖಡಕ್ ಮನಶ್ಯಾ. "ನೀ ಈ ಹಳಿ ಮ್ಯಾಲ ನಿಂದ್ರು, ಅಕಿ ಆ ಹಳಿ ಮ್ಯಾಲ. ನಡುವಿನ ಅಂತರ ಸರಕಾರನ ಇಟ್ಟೈತಿ, ಅದನ್ನ ದಾಟಬ್ಯಾಡ್ರಿ" ಅಂತ ಹುಕುಂ ಮಾಡಾಕತ್ತಿದ್ದ.

"ಮಾವಾರ, ಗಾಡಿ ಬರೂ ಹೊತ್ತಾತು, ಇಳೀರಿ" ಅಂದೆ.

"ಗೇಟ್ ಹಾಕೀರೇನು?"

"ಹಾಕೇನ್ರಿ."

"ಮತ್ತೇನ ಹೆದರಿಕಿ? ಗೇಟ್ ಹಾಕಿದ ಮ್ಯಾಲ ಗಾಡಿ ಹೆಂಗ ಬರತೈತಿ?"

"ಯಪ್ಪಾ, ಗೇಟ್ ಹಾಕೂದು ನಿಮ್ಮನ್ನ ನಿಂದ್ರಸಾಕ! ಗಾಡಿನ್ನ ಅಲ್ಲ!"

ಅಷ್ಟರಾಗ ಹಾರ್ನ್ ಬಡೀತು. ಹುಡುಗಿ ಚೀರಿ ಹುಡುಗನ ಕಡೆ ಜಿಗದಳು, ಅವ ಅಕಿನ್ನ ಅಪ್ಪಿಕೊಂಡು ಇಳಕಲಿನ್ಯಾಗ ಉರುಳಿದ, ಮಾವ ಅವರ ಹಿಂದ ಉರುಳಿದ. ಗಾಡಿ ಹೋತು. ಮಾವ ಎದ್ದು ಧೋತರ ಝಾಡಿಸಿ, "ಆ ಅಪ್ಪಿಕೊಂಡ ಫೋಟೋ ತಗದ ಒಗಿ!" ಅಂತ ಚೀರಿದ.

ಫೋಟೋಗ್ರಾಫರ್ ಅಂದ: "ಮಾವಾರ, ಮುಂಜಾನಿಂದ ತಗದದ್ರಾಗ ಅದೊಂದ ಚಲೋ ಬಂದೈತ್ರಿ."

೨. ನಾಕು ನಿಂಬಿಹಣ್ಣ

ಕೌಜಲಗಿ ಕಡೆಯ ಒಬ್ಬ ರೈತ ಹೊಸಾ ಟ್ರ್ಯಾಕ್ಟರ್ ತಗೊಂಡು ಗೇಟ್ ದಾಟಾಕತ್ತಿದ್ದ. ಎರಡೂ ಬಾಜೂ ಹಳಿ ದೂರತನಕ ಕಾಣತಾವು, ಫೋಟೋ ಭಾರಿ ಬರತೈತಿ ಅಂತ ನಟ್ಟನಡುವ ನಿಂದ್ರಿಸಿಬಿಟ್ಟ. ಅವನ ಹೆಂಡತಿ ಇಳದು, ನಾಕೂ ಗಾಲಿ ಕೆಳಗ ನಿಂಬಿಹಣ್ಣ ಇಟ್ಟಳು. ನಾ ಓಡಿಹೋಗಿ "ಮೊದಲ ತಗೀರಿ ಇದನ್ನ" ಅಂದೆ.

"ತಗ್ಯಾಕ ಬರಂಗಿಲ್ರಿ. ನಿಂಬಿಹಣ್ಣ ಇಟ್ಟಾತು. ಪೂಜಾರಿ ಕಾಯಿ ಒಡದು ಹೂಂ ಅಂದ ಮ್ಯಾಲನ ಗಾಲಿ ಉರಳಬೇಕು."

"ಪೂಜಾರಿ ಎಲ್ಲಿ?"

"ಕಾಯಿ ತರಾಕ ಹೋಗ್ಯಾನ."

ಗೇಟಿನ ಬಾಜೂಕ ನಾ ಕೂಡೂ ಖೋಲಿ, ಗುಮ್ಟಿ, ಅದರಾಗ ಫೋನ್ ಬಡೀತು. ಟೇಶನ್ ಮಾಸ್ತರರು. ನಾ ಗೇಟ್ ಹಾಕೂತನಕ ಗಾಡಿಗೆ ಸಿಗ್ನಲ್ ಸಿಗಂಗಿಲ್ಲ. "ಗೇಟ್ ಯಾಕ ಹಾಕಿಲ್ಲ?"

"ನಡುವ ಟ್ರ್ಯಾಕ್ಟರ್ ಐತ್ರಿ ಸಾಹೇಬ್ರ."

"ಕೆಟ್ಟೈತೇನು?"

"ಇಲ್ರಿ, ಹೊಸಾದು."

"ಮತ್ತ ಗಾಡಿ ತಡಾ ಯಾಕಾತಂತ ಬರೀಲಿ?"

"ಪೂಜಾರಿ ಇನ್ನಾ ಬಂದಿಲ್ಲ ಅಂತ ಬರಕೋರಿ."

ಮಾಸ್ತರರು ಫೋನ್ ಕುಕ್ಕಿದ್ರು. ಕಡೀಕ ನಾನ ಪೂಜಾರಿ ಆದೆ. ಕಾಯಿ ಇಲ್ಲ. ಬುತ್ತಿಯೊಳಗಿನ ಉಳ್ಳಾಗಡ್ಡಿ ತಗೊಂಡು, ಮುಷ್ಟಿಲೆ ಗುದ್ದಿ ಒಡದು, ಎರಡೂ ಹೋಳು ಟ್ರ್ಯಾಕ್ಟರ್ ಮುಂದ ಹಿಡದು "ಹೂಂ" ಅಂದೆ. ಗಂಡ ಹೆಂಡತಿ ಇಬ್ರೂ ಭಕ್ತಿಲೆ ಕೈ ಮುಗದು ಹೊಂಟ್ರು.

ಮುಂದ ಅವನ ತಮ್ಮ ಹೊಸಾ ಬೈಕ್ ತಗೊಂಡು ಸೀದಾ ನನ್ನ ಗುಮ್ಟಿಗೆ ಬಂದ. ಉಳ್ಳಾಗಡ್ಡಿ ತಾನ ತಂದಿದ್ದ.

೩. ಮೂರು ಮಂದಿ ಅಧ್ಯಕ್ಷರು

ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲೂಕಿನ ಹಿರಿಯರು ಸೇರಿ ಒಂದು ಸಂಘ ಮಾಡ್ಯಾರ. ಒಂದಿನ ಅವರು ಹನ್ನೊಂದು ಮಂದಿ ಬಂದ್ರು. ಕೈಯಾಗ ದೊಡ್ಡ ಬ್ಯಾನರ್: "ಹಳಿ ಮೇಲೆ ಫೋಟೋ ತೆಗೆಯಬೇಡಿ, ಪ್ರಾಣ ಕಳೆದುಕೊಳ್ಳಬೇಡಿ." ನನಗ ಭಾಳ ಆನಂದ ಆತು. ಇಷ್ಟು ವರ್ಷ ನಾ ಒಬ್ಬನ ಒದರಿದ್ದನ್ನ ಹೇಳಾಕ ಹಿರಿಯರ ಬಂದ್ರಲ್ಲ ಅಂತ ಚಹಾಕ್ಕ ಇಟ್ಟೆ. ಫೋನ್ ಬಂತು, ಗೇಟ್ ಹಾಕಿದೆ, ತಿರುಗಿ ನೋಡಿದ್ರ ಹನ್ನೊಂದೂ ಮಂದಿ ಬ್ಯಾನರ್ ಹಿಡಕೊಂಡು ಹಳಿ ಮ್ಯಾಲ ನಿಂತಾರ!

"ಇದೇನ್ರಿ ಅಧ್ಯಕ್ಷರ?"

"ಹಳಿ ಕಾಣದಿದ್ರ ಪೇಪರಿನವರು ಫೋಟೋ ಹಾಕಂಗಿಲ್ರಿ" ಅಂದ್ರು ಗೋಕಾಕದ ಅಧ್ಯಕ್ಷರು.

ಇನ್ನಾ ಫೋಟೋ ಆಗಿರಲಿಲ್ಲ. ನಡುವ ಯಾರು ನಿಂದ್ರಬೇಕು ಅನ್ನೂದ ಜಗಳ. ಮೂಡಲಗಿ ಈಗ ಬ್ಯಾರೆ ತಾಲೂಕು, ಅದಕ್ಕೂ ಒಬ್ಬರು ಅಧ್ಯಕ್ಷರು. ಮೂವರು ಅಧ್ಯಕ್ಷರು, ನಡುವ ಒಂದ ಜಾಗಾ. ಒಬ್ಬರನ್ನೊಬ್ಬರು ಮೊಳಕೈಲೆ ಸರಸಾಕತ್ತಿದ್ರು.

ತಿರುವಿನ್ಯಾಗ ಇಂಜಿನ್ ಮಾರಿ ಕಾಣಿಸ್ತು. ಕೆಂಪು ಝಂಡಾ ಬೀಸಿಕೋತ ಓಡಿದೆ. ಡ್ರೈವರ್ ಬ್ರೇಕ್ ಹಾಕಿದ್ರೂ ಅಷ್ಟು ಸನೇದಾಗ ಗಾಡಿ ನಿಂದರಂಗಿಲ್ಲ. "ಇಳೀರಿ! ಗಾಡಿ ಬಂತು!" ಅಂತ ಒದರಿದೆ.

ಆಗ ಶುರು ಆತು ನೋಡ್ರಿ ಮರ್ಯಾದಿ. "ನೀವು ಮೊದಲ ಇಳೀರಿ, ಹಿರಿಯರು" ಅಂತ ಮೂಡಲಗಿಯವರು. "ಛೇ ಛೇ, ನೀವು ಇಳೀದ ನಾ ಹೆಂಗ ಇಳೀಲಿ" ಅಂತ ಹುಕ್ಕೇರಿಯವರು. "ಅತಿಥಿಗಳು ಮೊದಲ" ಅಂತ ಗೋಕಾಕದವರು ಕೈ ಮುಗದು ನಿಂತಾರ. ಅಧ್ಯಕ್ಷರು ಇಳೀದ ಹಿಂದಿನ ಎಂಟು ಮಂದಿ ಹೆಂಗ ಇಳ್ದಾರು? ಈಗಷ್ಟ ಜಾಗಾಕ್ಕ ಬಡದಾಡಿದ ಮಂದಿ!

ನನಗ ಅಳು ಬರೂದಷ್ಟ ಬಾಕಿ. ಕಡೀಕ ಇದ್ದ ಶಕ್ತಿ ಎಲ್ಲಾ ಕೂಡಿಸಿ ಚೀರಿದೆ: "ನಾಷ್ಟಾ ಶುರು ಆತ್ರೀ! ಶಿರಾ ಮುಗ್ಯಾಕ ಬಂತು!"

ಯಪ್ಪಾ! ಹನ್ನೊಂದೂ ಮಂದಿ ಒಮ್ಮೆಲೇ ಹಾರಿದ್ರು. ಎಪ್ಪತ್ತು ದಾಟಿದವರು ಎಲ್ಲಾರಕಿಂತ ಮುಂದ. ಬ್ಯಾನರ್ ಅಲ್ಲೇ ಬಿತ್ತು, ಗಾಡಿ ಅದರ ಮ್ಯಾಲ ಹಾದು ಹೋತು.

ನಾ ನೆಲದ ಮ್ಯಾಲ ಕುಂತಬಿಟ್ಟೆ. ಯಾರರ ಒಬ್ಬರು ಬೆನ್ನ ಮ್ಯಾಲ ಕೈ ಇಟ್ಟು ಒಂದು ಮಾತ ಅಂತಾರಂತ ನೋಡಿದೆ. ಹುಕ್ಕೇರಿ ಅಧ್ಯಕ್ಷರು ಬಂದು ಕೇಳಿದ್ರು: "ಶಿರಾ ಎಲ್ಲಿ ಐತಿ?"

"ಶಿರಾ ಇಲ್ರಿ. ನಿಮ್ಮನ್ನ ಇಳಸಾಕ ಸುಳ್ಳ ಹೇಳಿದೆ."

ಎಲ್ಲಾರ ಮಾರಿ ಗಂಟಾತು. ಚಹಾನೂ ಕುಡೀಲಿಲ್ಲ, ಹೊಂಟ್ರು.

ವಾರದಾಗ ರೈಲ್ವೆದ ದೊಡ್ಡ ಸಾಹೇಬರು ಆಫೀಸಿಗೆ ಕರಿಸಿದ್ರು. ಮುಂದ ಒಂದು ಅರ್ಜಿ ಇತ್ತು: "ಸದರಿ ಗೇಟ್‌ಮನ್ ಉಪಾಹಾರ ಇದೆ ಎಂದು ಸುಳ್ಳು ಹೇಳಿ ಹಿರಿಯರಿಗೆ ಅವಮಾನ ಮಾಡಿದ್ದಾನೆ." ಸಾಹೇಬರು ಸಿಟ್ಟಿಲೆ "ಇದಕ್ಕ ಉತ್ತರ ಬರೀರಿ" ಅಂದ್ರು. ನಾ ಅರ್ಜಿ ಕೆಳಗಿನ ಸಹಿ ಬೆರಳ ಇಟ್ಟು ಒಂದೊಂದ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಎದಿ ತಣ್ಣಗಾತು. ಪೆನ್ ತಗೊಂಡು ಬರದೆ:

"ತಪ್ಪಾಗಿದೆ. ಹನ್ನೊಂದೂ ಜನ ಸಹಿ ಮಾಡಿದ್ದು ನೋಡಿ ಬಹಳ ಸಂತೋಷವಾಯಿತು."