ಸದ್ದಡಗನ ಕಿವಿಗೆ ಬಿದ್ದದ್ದು

“ನಾಗಾಂಬ, ಗೇಟು ತೆಗಿ! ಜೋರಾಗಿ ತೆಗಿ!” ಎಂದು ನಮ್ಮ ಯಜಮಾನರು ಅಂಗಳದಿಂದ ಕೂಗಿದರು.

ತೆಗೆದೆ. ವರ್ಷಗಟ್ಟಲೆ ಎಣ್ಣೆ ಕಾಣದ ಗೇಟು ಕಿರ್ರೋ ಎಂದಿತು. ಒಡನೆ ಅವರ ಪಕ್ಕದಲ್ಲಿದ್ದ, ಅವರೇ ಕೈಯಾರೆ ಮಾಡಿದ ಹೊಸ ಯಂತ್ರ ತಗಡಿನ ಕಿವಿ ನಿಮಿರಿಸಿ, ನಾಲ್ಕು ಚಕ್ರದ ಮೇಲೆ ಉರುಳಿ ಬಂದು, ಒಂದು ಕೈಯಿಂದ ಗ್ರೀಸ್ ಮೆತ್ತಿತು, ಇನ್ನೊಂದರಿಂದ ನಟ್ಟು ಬಿಗಿಯಿತು. ಗೇಟು ಮೂಕವಾಯಿತು!

“ಸದ್ದಡಗ ಅಂತ ಹೆಸರಿಟ್ಟಿವ್ನಿ. ಕೆಟ್ಟಿರೋದು ಸದ್ದು ಮಾಡ್ತದೆ ತಾನೆ? ಇದು ಹುಡ್ಕೊಂಡೋಗಿ ಸದ್ದಡಗಿಸ್ತದೆ!”

ನಮ್ಮ ಯಜಮಾನರು ನಿಜಗುಣಪ್ಪನವರು ಮೂವತ್ತೈದು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತರಾದ ಮೇಲೆ ತಿ. ನರಸೀಪುರದ ಹತ್ತಿರ ಒಂದೂವರೆ ಎಕರೆ ಕೊಂಡೆವು. ಈಗ ಅವರಿಗೆ ಅರವತ್ತೊಂಬತ್ತು. ಬೇರೆ ಮೆಕ್ಯಾನಿಕ್ ಈ ಜಮೀನಿಗೆ ಕಾಲಿಡಕೂಡದೆಂಬುದು ಅವರ ಶಪಥ.

“ಗೇಟು ಹಂಗಿರ್ಲಿ. ಪಂಪು ವಾರದಿಂದ ಕಟಕಟ ಅಂತದೆ. ನೆನ್ನೆ ನೆಟ್ಟ ಮೆಣಸಿನ ಸಸಿಗೆ ಇವತ್ತು ನೀರು ಬೀಳ್ದಿದ್ರೆ ಅಷ್ಟೂ ಬಾಡೋಗ್ತವೆ. ಕರೆಂಟಿರೋದು ಮೂರು ಗಂಟೆವರ್ಗೆ!” ಎಂದೆ.

“ಇಕಾ, ನೋಡು!” ಎಂದು ಪಂಪಿನ ಸ್ವಿಚ್ ಒತ್ತಿದರು.

ಪಂಪು ಕಟಕಟ ಎಂದಿತು. ಸದ್ದಡಗ ಬಂತು; ಬಿಗಿಯಿತು, ಇನ್ನೂ ಬಿಗಿಯಿತು. ಪಂಪು ಒಮ್ಮೆ ಗೊರಕೆ ಹೊಡೆದು ನಿಂತೇಹೋಯಿತು.

“ಸದ್ದಡಗಿತು ನೋಡು,” ಎಂದರು, ಸಣ್ಣ ದನಿಯಲ್ಲಿ.

“ಪಂಪಿನ ಉಸಿರೂ ಅಡಗಿತು! ಮೊದ್ಲು ಇದ್ನ ಆಫ್ ಮಾಡ್ರೀ!”

“ಆಫ್ ಮಾಡೋ ಗುಂಡಿ ಟಕ್ ಅಂತಿತ್ತು ಕಣೆ. ಬೆಳಿಗ್ಗೆ ಅದನ್ನೂ ರಿಪೇರಿ ಮಾಡ್ಕೊಂಡ್ಬುಡ್ತು. ಕಿತ್ತೆಸೆದು!”

ಅಷ್ಟರಲ್ಲಿ ಹುಂಜ ಕೂಗಿತು. ಮರುಗಳಿಗೆಗೆ ಕೊಕ್ಕಿನಿಂದ ಬಾಲದವರೆಗೆ ಗ್ರೀಸಾಗಿ, ಗೋಡೆ ಹತ್ತಲು ಹೋಗಿ ಹೋಗಿ ಜಾರುತ್ತಿತ್ತು. ಕರು ಅಂಬಾ ಎಂದಿತು. ಅದರ ಮೂತಿಗೂ ಬಿತ್ತು. “ಅಯ್ಯೋ, ಕರೂ!” ಎಂದು ನಾನು ಚೀರಿದ್ದೇ ತಪ್ಪಾಯಿತು. ಯಂತ್ರ ನನ್ನ ಕಡೆ ತಿರುಗಿ ಸ್ಪ್ಯಾನರ್ ಎತ್ತಿತು!

ನಾನು ಬಾಯಿ ಮುಚ್ಚಿದೆ. ಯಜಮಾನರೂ ಮುಚ್ಚಿದರು. ಯಂತ್ರ ಕಿವಿ ತಿರುಗಿಸುತ್ತ ನಮ್ಮಿಬ್ಬರ ನಡುವೆ ನಿಂತಿತು.

ಗಂಟೆ ಒಂದೂವರೆ. ಸಸಿಗಳ ತಲೆ ಬಾಗತೊಡಗಿತ್ತು. ಅವರ ಕೈಗೆ ಟೂಲ್ ಡಬ್ಬಿ ಕೊಟ್ಟು ಪಂಪಿನ ಕಡೆ ಬೆರಳು ತೋರಿಸಿದೆ. ಅವರು ಪಂಚೆ ಮೇಲೆ ಕಟ್ಟಿ ಕುಕ್ಕರಗಾಲಲ್ಲಿ ಕುಳಿತರು. ಅವರು ಎರಡು ಬೆರಳು ತೋರಿಸಿದರೆ ನಾನು ಇಕ್ಕಳ ಕೊಡುವೆ, ಅಂಗೈ ಚಾಚಿದರೆ ಸುತ್ತಿಗೆ. ಸುತ್ತಿಗೆಯ ತಲೆಗೆ ನನ್ನ ಹಳೇ ಸೀರೆ ಸುತ್ತಿ, ಉಸಿರು ಬಿಗಿಹಿಡಿದು ಬಡಿದೆವು. ಸವೆದ ಬೇರಿಂಗ್ ಹೊರಬಂತು, ಹೊಸದು ಕೂತಿತು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಜಗಳವಿಲ್ಲದೆ ಮುಗಿದ ಮೊದಲ ರಿಪೇರಿ!

ಅವರು ಏಳುವಾಗ ಮಂಡಿ ಲಟಕ್ ಎಂದಿತು.

ಯಂತ್ರ ನುಗ್ಗಿ ಬಂದು ಅವರ ಕಾಲೆತ್ತಿ ಮಂಡಿಗೆ ಅರ್ಧ ಸೇರು ಗ್ರೀಸ್ ಮೆತ್ತಿತು. ಪಾಪ, ಟವೆಲ್ಲು ಕಚ್ಚಿಕೊಂಡು ಸಹಿಸಿದರು. ಅದು ಬಿಟ್ಟ ಮೇಲೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: “ನೋವು ಸ್ವಲ್ಪ ಕಮ್ಮಿ ಆಯ್ತು ಕಣೆ.”

ಎರಡೂಕಾಲಿಗೆ ಸ್ವಿಚ್ ಒತ್ತಿದರು. ಪಂಪು ಗುಂಯ್ ಎಂದು ಎದ್ದಿತು, ಪೈಪಿನಿಂದ ನೀರು ಚಿಮ್ಮಿತು. ಯಂತ್ರವೂ ಕಿವಿ ನಿಮಿರಿಸಿ ಪಂಪಿನತ್ತ ಹೊರಟಿತು.

ನನಗೆ ಸಿಟ್ಟು ಬಂತು. ಒಳಗಿಂದ ದೊಡ್ಡ ತಟ್ಟೆ, ಸೌಟು ತಂದು ಬಾರಿಸುತ್ತ, “ಬಾರೋ, ನಂಗೆ ಮೆತ್ತು ಬಾ!” ಎಂದು ಬದುವಿನ ಮೇಲೆ ಓಡಿದೆ. ಅರವತ್ತನಾಲ್ಕರ ನಾನು ಮುಂದೆ, ಯಂತ್ರ ಹಿಂದೆ! ಯಜಮಾನರು ಸನಿಕೆ ಹಿಡಿದು ಸಾಲಿನಿಂದ ಸಾಲಿಗೆ ನೀರು ತಿರುಗಿಸಿದರು. “ಇನ್ನು ಎಂಟು ಸಾಲು ನಾಗಾಂಬ, ನಿಲ್ಬ್ಯಾಡ!” ನನ್ನ ಚಪ್ಪಲಿ ಕಿತ್ತುಹೋಯಿತು, ನಿಲ್ಲಲಿಲ್ಲ. ಏಳನೇ ಸುತ್ತಿನಲ್ಲಿ ಸೌಟು ಬಾಗಿತು, ಕೈಯಲ್ಲೇ ಬಡಿದೆ. ಮೂರಕ್ಕೆ ಕರೆಂಟು ಹೋಗುವ ಹೊತ್ತಿಗೆ ಕೊನೆಯ ಸಾಲೂ ನೆನೆದಿತ್ತು. ನಾನು ಬದುವಿನ ಮೇಲೆ ಕುಸಿದು ಕುಳಿತೆ.

ಯಂತ್ರ ನನ್ನ ಮುಂದೆ ಬಂದು ನಿಂತಿತು. ಗ್ರೀಸಿನ ಕೈ ಮೇಲೆತ್ತಿತು. ಆಗ ದೂರದಲ್ಲಿ, ಪಡುವಣದ ಬೆಟ್ಟದಾಚೆ, ಸಣ್ಣದೊಂದು ಗುಡುಗು ಕೇಳಿಸಿತು.

ಅದರ ಎರಡೂ ಕಿವಿ ಆಕಾಶಕ್ಕೆ ತಿರುಗಿದವು. ಇಷ್ಟು ದೊಡ್ಡ ರಿಪೇರಿ ಅದಕ್ಕೆ ಎಂದೂ ಸಿಕ್ಕಿರಲಿಲ್ಲವೇನೋ! ಬೇಲಿ ಮುರಿದುಕೊಂಡು, ಸ್ಪ್ಯಾನರ್ ಎತ್ತಿ ಹಿಡಿದು, ಬೆಟ್ಟದ ದಿಕ್ಕಿಗೆ ಹೊರಟೇಹೋಯಿತು.

ಮೂರು ದಿನದ ಮೇಲೆ, ಸಸಿಗಳೆಲ್ಲ ತಲೆಯೆತ್ತಿ ನಿಂತಿದ್ದಾಗ, ಮಳೆ ಬಂತು. ಬೆಟ್ಟದ ತುದಿಯಿಂದ ನಮ್ಮ ಬಾವಿಯವರೆಗೆ ಫಳೀರೆಂದು ಮಿಂಚು ಹೊಡೆಯಿತು. ಗುಡುಗು ಮಾತ್ರ ಒಂದೂ ಇಲ್ಲ!

ಯಜಮಾನರು ಮಳೆಯಲ್ಲೇ ನಿಂತು ಮೇಲೆ ನೋಡಿದರು. “ಮೋಡಕ್ಕೆ ಎಷ್ಟು ನಂಬರ್ ಸ್ಪ್ಯಾನರ್ ಹಾಕ್ತೋ!”

ಹೇಳದೆ ಕೇಳದೆ ಬಂದ ಆ ಮಳೆಗೆ, ಒಣಹಾಕಿದ್ದ ನನ್ನ ಸಂಡಿಗೆಯೆಲ್ಲ ಮತ್ತೆ ಹಿಟ್ಟಾಯಿತು.